ಬ್ರಿಟನ್ನಿಗೆ ಬಂದ ಬೆಳ್ಳಕ್ಕಿ
(ಬಾನುಲಿ ಭಾಷಣ)

ಬೆಳ್ಳಕ್ಕಿ ಎಂದೊಡನೆ ನಮ್ಮ ಮನಸ್ಸಿನಲ್ಲಿ ಎರಡು ಚಿತ್ರಗಳು ಮೂಡುತ್ತವೆ. ಒಂದು, ಕಾರ್ಮೋಡದ ಹಿನ್ನೆಲೆಯಲ್ಲಿ ಹಾರದಂತೆ ತೇಲಿಹೋಗುವ ಬಿಳಿಯ ಸಾಲು. ಕಾಳಿದಾಸನ ಮೇಘಕ್ಕೆ ದಾರಿಯ ಜೊತೆಯಾಗುವ ಬಲಾಕಗಳು ಈ ಬಳಗದವು. ಇನ್ನೊಂದು, ಕೆರೆಯ ಅಂಚಿನಲ್ಲಿ ಅಲುಗಾಡದೆ ನಿಂತು ಮೀನಿಗಾಗಿ ಹೊಂಚುಹಾಕುವ ಕಪಟ ಸಂನ್ಯಾಸಿಯ ಚಿತ್ರ. ಬಕಧ್ಯಾನ ಎಂಬ ಮಾತು ಅಲ್ಲಿಂದಲೇ ಹುಟ್ಟಿತು. ಪಂಚತಂತ್ರದಲ್ಲಿ ಮೀನುಗಳನ್ನು ವಂಚಿಸಿ ಕಡೆಗೆ ಏಡಿಯ ಕೈಯಲ್ಲಿ ಪ್ರಾಣ ಕಳೆದುಕೊಂಡ ಬಕನ ಕಥೆಯನ್ನು ಕೇಳದವರು ವಿರಳ. ಕವಿಗೆ ಚೆಲುವಿನ ಸಂಕೇತ, ನೀತಿಕಾರನಿಗೆ ಕಪಟದ ಸಂಕೇತ. ಈ ಎರಡರ ನಡುವೆ ಬೆಳ್ಳಕ್ಕಿ ಎಂಬ ನಿಜವಾದ ಹಕ್ಕಿ ನಮಗೆ ಕಾಣಿಸುವುದೇ ಇಲ್ಲವೇನೋ ಎಂದು ನನಗೆ ಒಮ್ಮೊಮ್ಮೆ ಅನ್ನಿಸಿದೆ. ಗದ್ದೆಯಲ್ಲಿ ಅದು ಇದ್ದೇ ಇರುತ್ತದೆ. ಇದ್ದೇ ಇರುವುದನ್ನು ನೋಡುವ ಅಭ್ಯಾಸ ನಮಗೆ ಕಡಿಮೆ.

ಇದೇ ಹಕ್ಕಿ ಬೇರೊಂದು ನಾಡಿನಲ್ಲಿ ಸಾವಿರಾರು ಜನ ದೂರದರ್ಶಕ ಹಿಡಿದು ಹುಡುಕಿಕೊಂಡು ಹೋಗುವಷ್ಟು ಅಪರೂಪದ ಅತಿಥಿಯಾಗಿತ್ತು. ಈಗ ನೋಡನೋಡುತ್ತಿದ್ದಂತೆಯೇ ಆ ನಾಡಿನ ನಿವಾಸಿಯಾಗಿದೆ. ಆ ನಾಡು ಬ್ರಿಟನ್. ಅಲ್ಲಿ ಬೆಳ್ಳಕ್ಕಿ ನೆಲೆಯೂರಿದ ಕಥೆಯಲ್ಲಿ ಟೋಪಿಗಳಿವೆ, ಕಾನೂನುಗಳಿವೆ, ಹಟಮಾರಿ ಹೆಂಗಸರಿದ್ದಾರೆ, ಚಳಿಗಾಲಗಳಿವೆ, ತಾಳ್ಮೆಯಿಂದ ಎಣಿಕೆ ಮಾಡಿ ಬರೆದಿಟ್ಟ ಸಾಮಾನ್ಯ ಜನರಿದ್ದಾರೆ. ಅದನ್ನು ಇಂದು ಕೇಳುಗರ ಮುಂದೆ ನಿರೂಪಿಸಬೇಕೆಂದಿದ್ದೇನೆ.

ಮೊದಲು ಹಕ್ಕಿಯ ಗುರುತು. ಬೆಳ್ಳಕ್ಕಿಗಳೆಂದು ನಾವು ಒಟ್ಟಾಗಿ ಕರೆಯುವ ಪಕ್ಷಿಗಳಲ್ಲಿ ಹಲವು ಬಗೆಗಳುಂಟು. ದನಗಳ ಕಾಲಸಂದಿಯಲ್ಲಿ ಓಡಾಡುತ್ತ, ಅವು ಎಬ್ಬಿಸಿದ ಮಿಡತೆಗಳನ್ನು ಹಿಡಿಯುವ ಹಳದಿ ಕೊಕ್ಕಿನ ಗಿಡ್ಡ ಹಕ್ಕಿ ಒಂದು. ಇದನ್ನು ಗೋವಕ್ಕಿ ಎನ್ನುತ್ತಾರೆ. ನೀಳವಾದ ಕತ್ತನ್ನು ಹಾವಿನಂತೆ ಮಣಿಸಿ ನಿಲ್ಲುವ ದೊಡ್ಡ ಬೆಳ್ಳಕ್ಕಿ ಇನ್ನೊಂದು. ಇಂದಿನ ಕಥೆಯ ನಾಯಕ ಸಣ್ಣ ಬೆಳ್ಳಕ್ಕಿ. ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಅರಿಸಿನದಲ್ಲಿ ಅದ್ದಿ ತೆಗೆದಂತೆ ಹಳದಿ. ಆಳವಿಲ್ಲದ ನೀರಿನಲ್ಲಿ ಒಂದು ಪಾದವನ್ನು ಮೆಲ್ಲನೆ ನಡುಗಿಸಿ, ಕೆಸರಿನಲ್ಲಿ ಅಡಗಿದ ಮೀನು ಸಿಗಡಿಗಳನ್ನು ಎಬ್ಬಿಸಿ ಕುಕ್ಕುವುದು ಇದರ ಕಸುಬು. ಮರಿಮಾಡುವ ಕಾಲದಲ್ಲಿ ಇದರ ನೆತ್ತಿಯಿಂದ ಎರಡು ನೀಳ ಗರಿಗಳು ಇಳಿಬೀಳುತ್ತವೆ. ಬೆನ್ನಿನ ಮೇಲೆ ರೇಷ್ಮೆಯ ಎಳೆಗಳಂಥ ಗರಿಗಳ ಕುಚ್ಚು ಬೆಳೆಯುತ್ತದೆ. ಹಕ್ಕಿಗೆ ಅದು ದಾಂಪತ್ಯದ ಆಭರಣ. ಆದರೆ ಅದೇ ಆಭರಣ ಅದರ ಕುತ್ತಿಗೆಗೆ ಉರುಳಾಯಿತು.

ಬ್ರಿಟನ್ನಿಗೆ ಬೆಳ್ಳಕ್ಕಿ ಸಂಪೂರ್ಣ ಹೊಸದೇ ಎಂಬ ಪ್ರಶ್ನೆಗೆ ಹಳೆಯ ದಾಖಲೆಯೊಂದು ಅಡ್ಡ ಬರುತ್ತದೆ. 1465ರಲ್ಲಿ ಜಾರ್ಜ್ ನೆವಿಲ್ ಎಂಬಾತ ಯಾರ್ಕಿನ ಆರ್ಚ್‌ಬಿಷಪ್ ಪದವಿಗೇರಿದಾಗ ಕಾವುಡ್ ಕೋಟೆಯಲ್ಲಿ ಭಾರಿ ಔತಣ ನಡೆಯಿತು. ಆ ಔತಣದ ಪಟ್ಟಿಯಲ್ಲಿ ಬೇಯಿಸಿದ ನವಿಲು, ಕೊಕ್ಕರೆಗಳ ಜೊತೆಗೆ ಒಂದು ಸಾವಿರ ಬೆಳ್ಳಕ್ಕಿಗಳ ಲೆಕ್ಕವಿದೆ. ಅಷ್ಟೊಂದು ಬೆಳ್ಳಕ್ಕಿ ಆ ಚಳಿನಾಡಿನಲ್ಲಿ ಎಲ್ಲಿಂದ ಬಂತು, ಆ ಹೆಸರಿನಿಂದ ಬೇರೆ ಯಾವುದೋ ಹಕ್ಕಿಯನ್ನು ಕರೆದಿರಬಹುದೇ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ಪದದ ಅರ್ಥ ಕಾಲಾಂತರದಲ್ಲಿ ಜಾರುವುದನ್ನು ಹಳಗನ್ನಡ ಪಾಠ ಹೇಳಿದವರು ಬಲ್ಲರು. ಆದ್ದರಿಂದ ಆ ವಾದದಲ್ಲಿ ನಾನು ಪಕ್ಷ ವಹಿಸುವುದಿಲ್ಲ. ಅಂತೂ ಮುಂದಿನ ಶತಮಾನಗಳಲ್ಲಿ ಬೇಟೆ ಹೆಚ್ಚಿತು. ಹದಿನೇಳನೆಯ ಶತಮಾನದಲ್ಲಿ ಡಚ್ ಇಂಜಿನಿಯರ್ ವರ್ಮೈಡನ್ ಮೊದಲಾದವರು ಪೂರ್ವ ಇಂಗ್ಲೆಂಡಿನ ವಿಸ್ತಾರವಾದ ಜೌಗುನೆಲವನ್ನು ಕಾಲುವೆ ತೋಡಿ ಬಸಿದು ಹೊಲವಾಗಿಸಿದರು. ನೀರುಹಕ್ಕಿಗಳಿಗೆ ನಿಲ್ಲಲು ನೆಲೆಯಿಲ್ಲವಾಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಬೆಳ್ಳಕ್ಕಿ ಬ್ರಿಟನ್ನಿನಲ್ಲಿ ದಾರಿತಪ್ಪಿ ಬಂದ ಒಂಟಿ ಪಥಿಕ ಮಾತ್ರವಾಗಿತ್ತು.

ಆದರೆ ಬೆಳ್ಳಕ್ಕಿಯ ಗರಿ ಮಾತ್ರ ಲಂಡನ್ನಿಗೆ ಮೂಟೆಮೂಟೆಯಾಗಿ ಬರುತ್ತಿತ್ತು. ಹೆಂಗಸರ ಟೋಪಿಯ ಮೇಲೆ ಗರಿ ಸಿಕ್ಕಿಸುವುದು ಆ ಕಾಲದ ಶೋಕಿ. ಬೆಳ್ಳಕ್ಕಿಯ ಬೆನ್ನಿನ ಕುಚ್ಚಿಗೆ ಎಲ್ಲಕ್ಕಿಂತ ಹೆಚ್ಚಿನ ಬೇಡಿಕೆ. ತೂಕಕ್ಕೆ ತೂಕ ಅದರ ಬೆಲೆ ಚಿನ್ನವನ್ನೂ ಮೀರಿದ ಕಾಲವಿತ್ತು. ಆ ಗರಿ ಬೆಳೆಯುವುದು ಮರಿಮಾಡುವ ಕಾಲದಲ್ಲಿ ಎಂದೆನಷ್ಟೆ. ಗೂಡಿನ ಮೇಲೆ ಕುಳಿತ ಹಕ್ಕಿ ಮರಿಗಳನ್ನು ಬಿಟ್ಟು ಹಾರುವುದಿಲ್ಲ. ಬೇಟೆಗಾರನಿಗೆ ಅದೇ ಅನುಕೂಲ. ತಾಯಿತಂದೆಗಳನ್ನು ಗುಂಡಿಕ್ಕಿ ಗರಿ ಕಿತ್ತುಕೊಂಡು ಹೋದ ಮೇಲೆ ಗೂಡಿನ ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಒಂದು ಔನ್ಸ್ ಗರಿಗೆ ಸುಮಾರು ನಾಲ್ಕು ಹಕ್ಕಿಗಳು ಬೇಕು. 1902ನೆಯ ಇಸವಿಯೊಂದರಲ್ಲೇ ಲಂಡನ್ನಿನ ಹರಾಜು ಕೋಣೆಗಳಲ್ಲಿ 1,608 ಪೊಟ್ಟಣ ಬೆಳ್ಳಕ್ಕಿ ಜಾತಿಯ ಗರಿ ಮಾರಾಟವಾಯಿತೆಂದೂ, ಅದಕ್ಕಾಗಿ ಒಂದು ಲಕ್ಷ ತೊಂಬತ್ತೆರಡು ಸಾವಿರಕ್ಕೂ ಹೆಚ್ಚು ಹಕ್ಕಿಗಳು ಸತ್ತಿರಬೇಕೆಂದೂ ಅಮೆರಿಕದ ಹಾರ್ನಡೆ ಎಂಬ ಪ್ರಾಣಿಶಾಸ್ತ್ರಜ್ಞ ಲೆಕ್ಕ ಹಾಕಿದ. ಸತ್ತ ಮರಿಗಳು ಈ ಲೆಕ್ಕದಲ್ಲಿ ಸೇರಿಲ್ಲ. ಅಂಗಡಿಯವರು ಈ ಗರಿಯನ್ನು ಬೇರೊಂದು ಹಕ್ಕಿಯ ಹೆಸರಿಟ್ಟು 'ಆಸ್ಪ್ರೆ' ಎಂದು ಮಾರುತ್ತಿದ್ದರು. ಕೊಳ್ಳುವವರಿಗೆ ತಾವು ಮುಡಿದದ್ದು ಯಾರ ಗರಿ ಎಂಬುದೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಎದುರು ನಿಂತವರು ಹೆಂಗಸರು. 1889ರಲ್ಲಿ ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಎಮಿಲಿ ವಿಲಿಯಮ್‌ಸನ್ ಎಂಬಾಕೆ ಗೆಳತಿಯರನ್ನು ಕೂಡಿಸಿ, ಗರಿಗಾಗಿ ಕೊಂದ ಹಕ್ಕಿಯ ಗರಿಯನ್ನು ಮುಡಿಯುವುದಿಲ್ಲವೆಂಬ ಪ್ರತಿಜ್ಞೆ ಮಾಡಿಸಿದಳು. ಅದೇ ವೇಳೆಗೆ ಲಂಡನ್ನಿನ ಬಳಿಯ ಕ್ರಾಯ್ಡನ್ನಿನಲ್ಲಿ ಎಲೈಜಾ ಫಿಲಿಪ್ಸ್, ಎಟ್ಟಾ ಲೆಮನ್ ಮೊದಲಾದವರು ಇಂಥದೇ ಕೂಟ ಕಟ್ಟಿದ್ದರು. 1891ರಲ್ಲಿ ಎರಡೂ ಒಂದಾದವು. ಪಕ್ಷಿಶಾಸ್ತ್ರಜ್ಞರ ಪ್ರತಿಷ್ಠಿತ ಸಂಘ ಆಗ ಗಂಡಸರದೇ. ಅದರ ಬಾಗಿಲು ಹೆಂಗಸರಿಗೆ ತೆರೆದದ್ದು 1909ರಲ್ಲಿ. ಹೊರಗೆ ನಿಂತವರೇ ಒಳಗಿನವರು ಮಾಡದ ಕೆಲಸವನ್ನು ಮಾಡಿದರು. ಚರ್ಚಿಗೆ ಗರಿಯ ಟೋಪಿ ಧರಿಸಿ ಬಂದ ಮಹಿಳೆಯರಿಗೆ ಎಟ್ಟಾ ಲೆಮನ್ ಪತ್ರ ಬರೆದು, ನೀವು ಮುಡಿದ ಗರಿಯ ಹಿಂದೆ ಇಂಥ ಸಾವಿದೆ ಎಂದು ತಿಳಿಸುತ್ತಿದ್ದಳು. ಹಕ್ಕಿಗಳ ಪರವಾಗಿ ಸಂಸತ್ತಿನ ಬಾಗಿಲು ಬಡಿದ ಈಕೆ ಹೆಂಗಸರಿಗೆ ಮತದಾನದ ಹಕ್ಕು ಬೇಡವೆಂಬ ಪಕ್ಷದವಳು ಎಂಬುದು ಇತಿಹಾಸದ ವೈಚಿತ್ರ್ಯ. ಮನುಷ್ಯರು ಒಂದೇ ಬಣ್ಣದ ನೂಲಿನಿಂದ ನೆಯ್ದವರಲ್ಲ. 1904ರಲ್ಲಿ ಆ ಸಂಘಕ್ಕೆ ರಾಜಮನ್ನಣೆ ದೊರೆತು ರಾಯಲ್ ಸೊಸೈಟಿ ಫಾರ್ ದಿ ಪ್ರೊಟೆಕ್ಷನ್ ಆಫ್ ಬರ್ಡ್ಸ್ ಎನಿಸಿತು. 1906ರಲ್ಲಿ ರಾಣಿ ಅಲೆಕ್ಸಾಂಡ್ರಾ ತಾನು ಬೆಳ್ಳಕ್ಕಿ ಗರಿಯನ್ನು ಮುಡಿಯುವುದಿಲ್ಲವೆಂದು ತಿಳಿಸಿದಳು. ಆದರೂ ಗರಿಯ ಆಮದನ್ನು ನಿಷೇಧಿಸುವ ಕಾನೂನು ಬಂದದ್ದು 1921ರಲ್ಲಿ. ಪ್ರತಿಜ್ಞೆಯಿಂದ ಕಾನೂನಿಗೆ ಮೂವತ್ತೆರಡು ವರ್ಷಗಳ ದಾರಿ.

ಈ ವ್ಯಾಪಾರದ ಎಳೆ ನಮ್ಮ ದೇಶಕ್ಕೂ ತಾಗಿತ್ತು. ಭಾರತದಿಂದ ಕಾಡುಹಕ್ಕಿಗಳ ಗರಿಯನ್ನು ಹೊರಕ್ಕೆ ಸಾಗಿಸುವುದನ್ನು ಇಲ್ಲಿನ ಸರಕಾರ 1902ರಲ್ಲೇ ನಿಷೇಧಿಸಿತು. ಅಂದರೆ ಕೊಳ್ಳುವ ಲಂಡನ್ನಿಗಿಂತ ಹತ್ತೊಂಬತ್ತು ವರ್ಷ ಮೊದಲು. ಆದರೂ ಕಳ್ಳಸಾಗಣೆ ನಿಲ್ಲಲಿಲ್ಲ. ಸಿಂಧ್ ಪ್ರಾಂತದಲ್ಲಿ ಬೆಳ್ಳಕ್ಕಿಗಳನ್ನು ಕೂಡಿಹಾಕಿ ಸಾಕಿ, ಕೊಲ್ಲದೆ ಗರಿ ಕಿತ್ತು ಮಾರುವ ಕಸುಬೇ ಹುಟ್ಟಿಕೊಂಡಿತ್ತು. ಕೊಳ್ಳುವವನ ಕೈ ಚಾಚಿರುವ ತನಕ ಮಾರುವವನ ದಾರಿಯನ್ನು ಮುಚ್ಚುವುದು ಕಷ್ಟ ಎಂಬುದು ಇದರಿಂದ ತಿಳಿಯುವ ಪಾಠ.

ಕಾನೂನಾದೊಡನೆ ಹಕ್ಕಿ ಮರಳಿ ಬರಲಿಲ್ಲ. ಬರುವ ಮುನ್ನ ಆ ನಾಡಿನ ಜನರ ಕಣ್ಣು ಬದಲಾಗಬೇಕಾಗಿತ್ತು. ವಿಕ್ಟೋರಿಯಾ ಯುಗದ ಪಕ್ಷಿಪ್ರೇಮಿಗೆ ಕೋವಿಯೇ ದೂರದರ್ಶಕ. ಅಪರೂಪದ ಹಕ್ಕಿ ಕಂಡರೆ ಹೊಡೆದು, ಹುಲ್ಲು ತುಂಬಿ ಗಾಜಿನ ಪೆಟ್ಟಿಗೆಯಲ್ಲಿಟ್ಟರೇ ಅದು ಕಂಡದ್ದಕ್ಕೆ ಸಾಕ್ಷಿ. ಸೆಲ್‌ಬೋರ್ನ್ ಎಂಬ ಹಳ್ಳಿಯಲ್ಲಿ ಕುಳಿತು ತನ್ನ ಊರಿನ ಹಕ್ಕಿಗಳ ನಡೆನುಡಿಯನ್ನೇ ಗಮನಿಸಿ, 1789ರಲ್ಲಿ ಪ್ರಕಟವಾದ ಗ್ರಂಥದಲ್ಲಿ ದಾಖಲಿಸಿದ ಪಾದ್ರಿ ಗಿಲ್ಬರ್ಟ್ ವೈಟ್‌ನಂಥವರು ಆಗ ಅಪವಾದ. 1901ರಲ್ಲಿ ಎಡ್ಮಂಡ್ ಸೆಲೂಸ್ 'ಬರ್ಡ್ ವಾಚಿಂಗ್' ಎಂಬ ಪುಸ್ತಕ ಬರೆದು, ಕೋವಿಯನ್ನು ಕೆಳಗಿಟ್ಟು ಕಣ್ಣಿನಿಂದಲೇ ನೋಡಬೇಕೆಂದು ವಾದಿಸಿದ. ಪಕ್ಷಿವೀಕ್ಷಣೆ ಎಂದು ನಾವು ಇಂದು ಕರೆಯುವ ಹವ್ಯಾಸಕ್ಕೆ ಹೆಸರು ಕೊಟ್ಟದ್ದು ಆ ಪುಸ್ತಕವೇ. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಜೇಮ್ಸ್ ಫಿಶರ್‌ನ ಅಗ್ಗದ ಬೆಲೆಯ ಪುಸ್ತಕವೊಂದು ಹೊರಬಂದು, ಹಕ್ಕಿ ನೋಡುವುದು ಸಿರಿವಂತರ ಸೊತ್ತಲ್ಲ, ಗುಮಾಸ್ತನೂ ಕೂಲಿಕಾರನೂ ಮಾಡಬಹುದಾದ ಕೆಲಸ ಎಂಬ ಭಾವನೆಯನ್ನು ಹಬ್ಬಿಸಿತು. ಇಂದು ಆ ಪಕ್ಷಿರಕ್ಷಣಾ ಸಂಘದ ಸದಸ್ಯರ ಸಂಖ್ಯೆ ಹತ್ತು ಲಕ್ಷವನ್ನು ಮೀರಿದೆ.

ನೋಡುವುದರ ಜೊತೆಗೆ ಎಣಿಸುವುದೂ ಬೆಳೆಯಿತು. ಬ್ರಿಟನ್ನಿನ ಬೂದುಬಣ್ಣದ ಕೊಕ್ಕರೆ ಮರದ ತುದಿಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತದೆ. ಮ್ಯಾಕ್ಸ್ ನಿಕಲ್ಸನ್ ಎಂಬ ತರುಣನ ಮುಂದಾಳುತನದಲ್ಲಿ 1928ರಲ್ಲಿ ನಾಡಿನ ಉದ್ದಗಲಕ್ಕೂ ಆ ಗೂಡುಗಳನ್ನು ಎಣಿಸಿದರು. ಅಂದಿನಿಂದ ವರ್ಷ ವರ್ಷವೂ ಸ್ವಯಂಸೇವಕರು ಅದೇ ಎಣಿಕೆಯನ್ನು ಮುಂದುವರಿಸಿಕೊಂಡು ಬಂದಿದ್ದಾರೆ. ಎಣಿಸಿದವರಲ್ಲಿ ಹೆಚ್ಚಿನವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಆದರೆ 1962-63ರ ಘೋರ ಚಳಿಗಾಲದಲ್ಲಿ ನದಿಕೆರೆಗಳು ಹೆಪ್ಪುಗಟ್ಟಿ ಮೀನು ಸಿಕ್ಕದೆ ಕೊಕ್ಕರೆಗಳು ಎಷ್ಟರ ಮಟ್ಟಿಗೆ ಸತ್ತವು, ಚೇತರಿಸಿಕೊಳ್ಳಲು ಎಷ್ಟು ವರ್ಷ ಬೇಕಾಯಿತು ಎಂಬುದು ಇವರ ಲೆಕ್ಕದಿಂದಲೇ ಜಗತ್ತಿಗೆ ತಿಳಿದದ್ದು.

ಈಗ ಬೆಳ್ಳಕ್ಕಿಯ ಪುನರಾಗಮನ. ಗರಿಯ ಶೋಕಿ ಇಳಿದ ಮೇಲೆ ದಕ್ಷಿಣ ಯೂರೋಪಿನ ಬೆಳ್ಳಕ್ಕಿಗಳು ನಿಧಾನವಾಗಿ ಹೆಚ್ಚಿದವು. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಅವುಗಳಿಗೆ ಕಾನೂನಿನ ರಕ್ಷಣೆ ದೊರೆಯಿತು. 1979ರಲ್ಲಿ ಪಶ್ಚಿಮ ಯೂರೋಪಿನ ರಾಷ್ಟ್ರಗಳು ಒಟ್ಟಾಗಿ ಪಕ್ಷಿರಕ್ಷಣೆಯ ನಿರ್ದೇಶನವೊಂದನ್ನು ಒಪ್ಪಿದವು. ಹಕ್ಕಿಗಳು ಫ್ರಾನ್ಸಿನ ಪಶ್ಚಿಮ ಕರಾವಳಿಯ ಗುಂಟ ಬಡಗಣಕ್ಕೆ ಹಬ್ಬಿ ಬ್ರಿಟನಿಯನ್ನು ತಲುಪಿದವು. ಮುಂದೆ ಉಳಿದದ್ದು ಇಂಗ್ಲಿಷ್ ಕಡಲ್ಗಾಲುವೆ ಮಾತ್ರ. 1989ರ ಬೇಸಗೆಯ ಕೊನೆಗೆ ಹಿಂದೆಂದೂ ಕಾಣದಷ್ಟು ಬೆಳ್ಳಕ್ಕಿಗಳು ಇಂಗ್ಲೆಂಡಿನ ದಕ್ಷಿಣ ತೀರದ ಅಳಿವೆಗಳಲ್ಲಿ ಬಂದಿಳಿದವು. ಮಾತ್ರವಲ್ಲ, ಚಳಿಗಾಲ ಬಂದರೂ ಹಿಂದಿರುಗದೆ ಅಲ್ಲೇ ನಿಂತವು. ಅಪರೂಪದ ಪಕ್ಷಿಗಳ ವರದಿಯನ್ನು ಪರಿಶೀಲಿಸುವ ಸಮಿತಿಯವರು ಎರಡೇ ವರ್ಷಗಳಲ್ಲಿ ಬೆಳ್ಳಕ್ಕಿಯ ಹೆಸರನ್ನು ತಮ್ಮ ಪಟ್ಟಿಯಿಂದ ತೆಗೆದುಹಾಕಬೇಕಾಯಿತು. 1996ರಲ್ಲಿ ಡಾರ್ಸೆಟ್ ಸೀಮೆಯ ಪೂಲ್ ಬಂದರಿನೊಳಗಿನ ಬ್ರೌನ್‌ಸಿ ದ್ವೀಪದಲ್ಲಿ ಒಂದು ಜೋಡಿ ಗೂಡು ಕಟ್ಟಿ ಮರಿಮಾಡಿತು. 1907ರಲ್ಲಿ ಬೇಡನ್ ಪೊವೆಲ್ ಮೊದಲ ಸ್ಕೌಟ್ ಶಿಬಿರ ನಡೆಸಿದ ದ್ವೀಪವೇ ಅದು. ಮರುವರ್ಷ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಗೂಡು ಕಂಡಿತು. ಕೊಕ್ಕರೆಗಳ ಮರಗಳಲ್ಲೇ ಬೆಳ್ಳಕ್ಕಿಗಳೂ ಮನೆಮಾಡಿದ್ದರಿಂದ, 1928ರಿಂದ ನಡೆದುಬಂದ ಎಣಿಕೆಯ ಪುಸ್ತಕದಲ್ಲೇ ಇವುಗಳಿಗೂ ಜಾಗ ಸಿಕ್ಕಿತು. ಎರಡು ದಶಕಗಳೊಳಗೆ ಜೋಡಿಗಳ ಸಂಖ್ಯೆ ಸಾವಿರ ದಾಟಿತು. 2008ರಲ್ಲಿ ಗೋವಕ್ಕಿ, 2012ರಲ್ಲಿ ದೊಡ್ಡ ಬೆಳ್ಳಕ್ಕಿ, ಎರಡೂ ಸಾಮರ್‌ಸೆಟ್ ಸೀಮೆಯಲ್ಲಿ, ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ಮರಿಮಾಡಿದವು.

ಇವು ಎಲ್ಲಿಂದ ಬಂದವೆಂಬುದು ಊಹೆಯ ಮಾತಲ್ಲ. ಮರಿಯ ಕಾಲಿಗೆ ಸಂಕೇತವಿರುವ ಬಳೆ ತೊಡಿಸಿ ಹಾರಬಿಡುವ ಪದ್ಧತಿ ಯೂರೋಪಿನಲ್ಲಿ ರೂಢಿಯಲ್ಲಿದೆ. ಹ್ಯಾಂಪ್‌ಶೈರಿನ ಬ್ಲಾಷ್‌ಫರ್ಡ್ ಕೆರೆಗಳಿಗೆ ಹಲವು ವರ್ಷ ಚಳಿಗಾಲ ಕಳೆಯಲು ತಪ್ಪದೆ ಬರುತ್ತಿದ್ದ ದೊಡ್ಡ ಬೆಳ್ಳಕ್ಕಿಯೊಂದರ ಕಾಲುಬಳೆಯನ್ನು ದೂರದರ್ಶಕದಲ್ಲಿ ಓದಿದಾಗ, ಅದು 2003ರಲ್ಲಿ ಫ್ರಾನ್ಸಿನ ಗ್ರಾಂಲಿಯೂ ಸರೋವರದಲ್ಲಿ ಬಳೆ ತೊಟ್ಟ ಹಕ್ಕಿಯೆಂದು ತಿಳಿಯಿತು. ಒಂದು ಊರಿನವರು ತೊಡಿಸಿದ ಬಳೆಯನ್ನು ಇನ್ನೊಂದು ದೇಶದವರು ಓದಿದರು.

ಬರಲು ರಕ್ಷಣೆ ಸಾಕು. ನಿಲ್ಲಲು ಆಹಾರ, ಆಶ್ರಯ, ಹವೆ ಮೂರೂ ಬೇಕು. ಈ ದೃಷ್ಟಿಯಿಂದ ಸಾಮರ್‌ಸೆಟ್ಟಿನ ಕಥೆ ಮನನೀಯ. ಅಲ್ಲಿನ ತಗ್ಗುಪ್ರದೇಶದಲ್ಲಿ ತೋಟಗಾರಿಕೆಗಾಗಿ ಪೀಟ್ ಎಂಬ ಕೊಳೆತ ಸಸ್ಯಗಳ ಕಪ್ಪು ಮಣ್ಣನ್ನು ವರ್ಷಗಟ್ಟಲೆ ಅಗೆದು ಸಾಗಿಸಿ, ನೆಲವೆಲ್ಲ ಹಳ್ಳಕೊಳ್ಳವಾಗಿತ್ತು. ಜೊಂಡಿನಲ್ಲಿ ಅಡಗಿ ಗುಮ್ಮೆಂದು ಮೊಳಗುವ ಬಿಟರ್ನ್ ಎಂಬ ಹಕ್ಕಿ ಆಗ ವಿನಾಶದ ಅಂಚಿನಲ್ಲಿತ್ತು; 1997ರಲ್ಲಿ ಇಡೀ ದೇಶದಲ್ಲಿ ಮೊಳಗುವ ಗಂಡುಗಳು ಹನ್ನೊಂದೇ. ಅದನ್ನು ಉಳಿಸಲು ಈ ಹಳ್ಳಗಳಿಗೆ ನೀರು ಹರಿಸಿ, ಜೊಂಡು ನೆಟ್ಟು, ಹ್ಯಾಮ್ ವಾಲ್, ಶಾಪ್‌ವಿಕ್ ಹೀತ್ ಮೊದಲಾದ ಕಡೆಗಳಲ್ಲಿ ವಿಶಾಲವಾದ ಜೌಗನ್ನು ಮತ್ತೆ ನಿರ್ಮಿಸಿದರು. ಇಂದು ಮೊಳಗುವ ಬಿಟರ್ನ್‌ಗಳ ಸಂಖ್ಯೆ ಇನ್ನೂರನ್ನು ದಾಟಿದೆ. ಅದಕ್ಕಾಗಿ ಕಟ್ಟಿದ ಮನೆಯಲ್ಲೇ ಬೆಳ್ಳಕ್ಕಿಗಳೂ ಒಕ್ಕಲಾದವು.

ಹವೆಯ ಮಾತು ಅಷ್ಟು ಸಂತೋಷದ್ದಲ್ಲ. ಬೆಳ್ಳಕ್ಕಿ ಹೆಪ್ಪುಗಟ್ಟಿದ ನೀರಿನಲ್ಲಿ ಬದುಕಲಾರದು. ಚಳಿ ಬಿಗಿಯಾದ ವರ್ಷಗಳ ನಂತರ ಅವುಗಳ ಎಣಿಕೆ ತಗ್ಗಿದ್ದುಂಟು. ಆದರೆ ಬ್ರಿಟನ್ನಿನ ಚಳಿಗಾಲಗಳು ಒಟ್ಟಾರೆ ಮೃದುವಾಗುತ್ತಿರುವುದರಿಂದ ಮತ್ತೆ ಮತ್ತೆ ಚೇತರಿಸಿಕೊಳ್ಳುತ್ತಿವೆ. ಭೂಮಿ ಕಾಯುತ್ತಿದೆ ಎಂಬ ಸುದ್ದಿಯನ್ನೂ ಈ ಬಿಳಿಯ ದೂತ ಹೊತ್ತು ತಂದಿದ್ದಾನೆ. ದಕ್ಷಿಣದ ಹಕ್ಕಿಗೆ ಬಾಗಿಲು ತೆರೆದ ಬಿಸಿಯೇ ತಂಪನ್ನು ಬಯಸುವ ಬಡಗಣ ಹಕ್ಕಿಗಳನ್ನು ಇನ್ನಷ್ಟು ಬಡಗಣಕ್ಕೆ ದೂಡುತ್ತದೆ. ಬೆಳ್ಳಕ್ಕಿಯ ಆಗಮನವನ್ನು ರಕ್ಷಣೆಯ ಜಯವೆನ್ನಬೇಕೋ ಹವೆಯ ಕೇಡಿನ ಲಕ್ಷಣವೆನ್ನಬೇಕೋ? ಎರಡೂ ನಿಜವೆನ್ನದೆ ವಿಧಿಯಿಲ್ಲ. ಒಂದು ಸತ್ಯದ ಸಂತೋಷದಲ್ಲಿ ಇನ್ನೊಂದನ್ನು ಮರೆಯುವುದು, ಒಂದರ ಆತಂಕದಲ್ಲಿ ಇನ್ನೊಂದನ್ನು ಅಲ್ಲಗಳೆಯುವುದು, ಎರಡೂ ವಿವೇಕವಲ್ಲ.

ಕೆಲವು ವರ್ಷಗಳ ಹಿಂದೆ ಮಗನ ಮನೆಯಲ್ಲಿ ಎರಡು ತಿಂಗಳು ಕಳೆಯಲು ಡೆವನ್ ಸೀಮೆಗೆ ಹೋಗಿದ್ದೆ. ಎಕ್ಸ್ ನದಿಯ ಅಳಿವೆಯ ಪಕ್ಕದಲ್ಲಿ ಹಕ್ಕಿ ನೋಡುವವರಿಗಾಗಿ ಕಟ್ಟಿದ ಮರದ ಗುಡಿಸಲೊಂದರಲ್ಲಿ ನನ್ನ ವಯಸ್ಸಿನವರೇ ಆದ ಒಬ್ಬರು ಟಿಪ್ಪಣಿ ಪುಸ್ತಕ ತೆರೆದು ಕುಳಿತಿದ್ದರು. ಎದುರಿನ ಕೆಸರಿನಲ್ಲಿ ಏಳು ಬೆಳ್ಳಕ್ಕಿಗಳಿದ್ದವು. ತರುಣರಾಗಿದ್ದಾಗ ಒಂದೇ ಒಂದು ಬೆಳ್ಳಕ್ಕಿ ಬಂದಿದೆಯೆಂಬ ಸುದ್ದಿ ಕೇಳಿ ನೂರು ಮೈಲಿ ಕಾರು ಓಡಿಸಿಕೊಂಡು ಹೋಗಿದ್ದುದನ್ನು ಅವರು ನಗುತ್ತ ಹೇಳಿದರು. "ಈಗ ಗುಡಿಸಲಿಗೆ ಬರುವ ಹುಡುಗರು ಇದರತ್ತ ತಲೆ ಎತ್ತಿಯೂ ನೋಡುವುದಿಲ್ಲ, ಬೇರೆ ಅಪರೂಪದ್ದು ಏನಾದರೂ ಇದೆಯೇ ಎಂದು ಕೇಳುತ್ತಾರೆ" ಎಂದರು. ನಮ್ಮೂರಿನಲ್ಲಿ ಇವು ದಿನಬೆಳಗಾದರೆ ಗದ್ದೆಯಲ್ಲಿರುತ್ತವೆ, ಸಾಲು ಹಾರಿಹೋಗುವಾಗ ಮಕ್ಕಳು ಉಗುರು ಉಜ್ಜಿಕೊಳ್ಳುತ್ತ ಬಿಳಿಯ ಚುಕ್ಕೆ ಬೇಡುತ್ತಾರೆ ಎಂದು ನಾನು ಹೇಳಿದೆ. ಅವರು ತಮ್ಮ ಉಗುರುಗಳನ್ನು ಒಮ್ಮೆ ನೋಡಿಕೊಂಡು, ಆಮೇಲೆ ಪುಸ್ತಕದಲ್ಲಿ 'ಬೆಳ್ಳಕ್ಕಿ, ಏಳು' ಎಂದು ಬರೆದರು. ಸಾಮಾನ್ಯವಾಗಿಬಿಟ್ಟಿದೆಯಲ್ಲ, ಇನ್ನೂ ಏಕೆ ಬರೆಯುತ್ತೀರಿ ಎಂದು ಕೇಳಿದೆ. "ಸಾಮಾನ್ಯವಾಗಿದ್ದಾಗ ಬರೆಯದಿದ್ದರೆ, ಕಡಿಮೆಯಾದಾಗ ತಿಳಿಯುವುದು ಹೇಗೆ?" ಎಂಬುದು ಅವರ ಉತ್ತರ.

ಆ ಮಾತು ನಮಗೂ ಸಲ್ಲುತ್ತದೆ. ನಮ್ಮಲ್ಲಿ ಪಕ್ಷಿಪ್ರೀತಿಯ ಪರಂಪರೆ ಇಲ್ಲವೆಂದಲ್ಲ. ಕೊಕ್ಕರೆಬೆಳ್ಳೂರಿನ ಜನ ಮನೆಯಂಗಳದ ಮರಗಳಲ್ಲಿ ಹಕ್ಕಿಗಳಿಗೆ ಆಶ್ರಯ ಕೊಟ್ಟವರು. ಸಲೀಂ ಅಲಿಯವರ ಸಲಹೆಯಿಂದ ರಂಗನತಿಟ್ಟು 1940ರಲ್ಲೇ ಪಕ್ಷಿಧಾಮವಾಯಿತು. ಕಾವೇರಿಯ ಆ ನಡುಗಡ್ಡೆಗಳಲ್ಲಿ ಸಣ್ಣ ಬೆಳ್ಳಕ್ಕಿ ಇಂದಿಗೂ ಗೂಡು ಕಟ್ಟುತ್ತದೆ. ನಮ್ಮಲ್ಲಿ ಕೊರತೆಯಿರುವುದು ಲೆಕ್ಕದ್ದು. ಊರ ಮುಂದಿನ ಕೆರೆಯಲ್ಲಿ ಹತ್ತು ವರ್ಷಗಳ ಹಿಂದೆ ಎಷ್ಟು ಬೆಳ್ಳಕ್ಕಿಗಳಿದ್ದವು ಎಂದು ಕೇಳಿದರೆ 'ಬಹಳ ಇದ್ದವು' ಎಂಬುದಕ್ಕಿಂತ ನಿಖರವಾದ ಉತ್ತರ ಕೊಡಬಲ್ಲವರು ವಿರಳ. ಕೆರೆ ಬತ್ತಿ ಬಡಾವಣೆಯಾದ ಮೇಲೆ 'ಬಹಳ' ಎಂಬ ಪದ ಯಾರ ಪರವಾಗಿಯೂ ಸಾಕ್ಷಿ ನುಡಿಯುವುದಿಲ್ಲ.

1987ರಿಂದ ಪ್ರತಿವರ್ಷ ಜನವರಿಯಲ್ಲಿ ಏಷ್ಯದ ನೀರುಹಕ್ಕಿಗಳ ಗಣತಿ ನಡೆಯುತ್ತಿದ್ದು, ನಮ್ಮ ನಾಡಿನ ಹವ್ಯಾಸಿಗಳೂ ಅದರಲ್ಲಿ ಪಾಲುಗೊಳ್ಳುತ್ತಾರೆ. ಅದಕ್ಕೆ ದೊಡ್ಡ ವಿದ್ವತ್ತು ಬೇಕಾಗಿಲ್ಲ. ಒಂದು ಕೆರೆ, ಒಂದು ಮುಂಜಾನೆ, ಒಂದು ಪುಸ್ತಕ, ಒಂದು ಸೀಸದ ಕಡ್ಡಿ ಸಾಕು. ಪಕ್ಕದಲ್ಲಿ ಒಬ್ಬ ಮೊಮ್ಮಗನೋ ಮೊಮ್ಮಗಳೋ ಇದ್ದರೆ ಎಣಿಕೆ ತಪ್ಪದು. ದಿನಾಂಕ ಬರೆದು, ಕೆರೆಯ ಹೆಸರು ಬರೆದು, ಅದರ ಕೆಳಗೆ ಕಂಡಷ್ಟನ್ನು ಬರೆಯಬೇಕು. ಮುಂದಿನ ವರ್ಷ ಅದೇ ದಿನ ಅದೇ ದಂಡೆಗೆ ಮತ್ತೆ ಹೋಗಬೇಕು.